ನಲವತ್ತೊಂದನೆಯ ಪಟ

ಹುಣಸೂರಿನ ಬಡಗಿ ಅಬ್ದುಲ್ ರಹಮಾನ್ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಕೈಗಾರಿಕಾ ಶಾಲೆಯ ವಿನ್ಯಾಸದ ತರಗತಿಗೆ ಸೇರಿದಾಗ ಬೀದಿಯವರು ಮೂಗು ಮುರಿದರು. ಗಾಡಿಚಕ್ರಕ್ಕೆ ಅರ ಕೂರಿಸುವವನಿಗೆ ಹೂ ಬಳ್ಳಿ ಬರೆಯುವ ಉಸಾಬರಿ ಯಾಕಂತೆ! ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಬಾಗಿಲು, ತೊಟ್ಟಿಲು, ಮಂಚದ ತಲೆಹಲಗೆಯ ಮೇಲೆ ಕೊರೆಯುವ ಕೆಲಸ ಅವನಿಗೆ ಬೇಕಾಗಿತ್ತು. ಕೈಯಲ್ಲಿ ಕಸುಬಿತ್ತು, ನಮೂನೆ ಇರಲಿಲ್ಲ.

ನಮೂನೆ ಇದ್ದದ್ದು ಪುಸ್ತಕದಲ್ಲಿ, ಪುಸ್ತಕ ಇದ್ದದ್ದು ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯೋ, ಒಂದು ಊರಿನಲ್ಲಿ ನಿಲ್ಲುವ ಜಾತಿಯದಲ್ಲ. ಹುಣಸೂರಿನಲ್ಲಿ ಹದಿನೈದು ದಿನ, ಪಿರಿಯಾಪಟ್ಟಣದಲ್ಲಿ ಹದಿನೈದು ದಿನ, ಆಮೇಲೆ ಹೊಸದಾಗಿ ಕಟ್ಟಿದ್ದ ಕೃಷ್ಣರಾಜನಗರ, ಅಲ್ಲಿಂದ ಹೆಗ್ಗಡದೇವನಕೋಟೆ. ಬಸ್ಸಿನ ನೆತ್ತಿಯ ಮೇಲೆ ಕೂತು ಹೋಗುತ್ತಿದ್ದ ಈ ತೇಗದ ಪೆಟ್ಟಿಗೆಯೇ ನಾಲ್ಕು ತಾಲ್ಲೂಕಿನ ಲೈಬ್ರರಿ. ಅದರ ಜೊತೆ ತಿರುಗುತ್ತಿದ್ದ ಪುಟ್ಟಮಲ್ಲಪ್ಪ, ರಿಜಿಸ್ಟರಿನಲ್ಲಿ ಹೆಸರು ಬರೆಸದೆ ಯಾರಿಗೂ ಒಂದು ಪುಸ್ತಕ ಮುಟ್ಟಗೊಡುತ್ತಿರಲಿಲ್ಲ. ಬೇಕಾದ ಚಿತ್ರ ಸಿಗುವ ಮೊದಲೇ ಪೆಟ್ಟಿಗೆ ಊರು ಬಿಟ್ಟಿತೋ, ವಿದ್ಯಾರ್ಥಿ ಅದರ ಹಿಂದೆ ಓಡಬೇಕು. ಅಬ್ದುಲ್ ರಹಮಾನ್ ಓಡುತ್ತಿದ್ದ. ಪಿರಿಯಾಪಟ್ಟಣಕ್ಕಂತೂ ಹೆಂಡತಿಯನ್ನೂ ಕರೆದುಕೊಂಡು ಓಡುತ್ತಿದ್ದ, ಏಕೆಂದರೆ ಅಲ್ಲಿ ಅತ್ತೆಯ ಮನೆಯಿತ್ತು. ಪುಸ್ತಕದ್ದು ನೆಪ, ಅತ್ತೆಯ ಕೈಯ ಪಲಾವು ನಿಜ ಎಂದು ಪುಟ್ಟಮಲ್ಲಪ್ಪ ಛೇಡಿಸುತ್ತಿದ್ದ.

ಅವನು ಹುಡುಕುತ್ತಿದ್ದದ್ದು ಎರಡು ಸಂಪುಟದ ಒಂದು ದಪ್ಪ ಪುಸ್ತಕವನ್ನು. ತುಂಬ ಬಳ್ಳಿ, ಎಲೆ, ಅಂಚುಗಳ ಪಟಗಳು. ಅಕ್ಷರವೆಲ್ಲ ಇಂಗ್ಲಿಷು, ಅವನಿಗೆ ಒಂದೂ ತಿಳಿಯದು.

"ಅಕ್ಸರ ಬುಡು, ಅಂಕಿ ಇಡ್ಕೊ" ಎಂದು ದಾರಿ ತೋರಿಸಿದವನು ಪುಟ್ಟಮಲ್ಲಪ್ಪ. "ಇಂದುಗಡೆ ಪಟ್ಟಿ ಐತೆ ನೋಡು. ಎಲೆ ಯಾವ ಪಟದಲ್ಲೈತೆ, ಊವು ಯಾವ ಪಟದಲ್ಲೈತೆ ಅಂತ ಯೋಳ್ತದೆ. ಅಂಕಿ ನೋಡ್ಕಂಡು ಪಟ ತೆಗಿ."

ಪ್ರತಿ ಪಟದ ಎಡಬುಡದಲ್ಲಿ ಇರುವೆಯಷ್ಟು ಸಣ್ಣ ಅಕ್ಷರ ಇರುತ್ತಿತ್ತು. ಅದೇನೆಂದು ಕೇಳಿದ್ದಕ್ಕೆ, "ಅಚ್ಚು ಕೊರ್ದೋನ ಎಸ್ರು ಕಣಪ್ಪ. ಮಾಡ್ದೋನು ಎಸ್ರು ಆಕ್ಕಬೇಕಲ್ವಾ" ಎಂದ.

ಡ್ರಾಯಿಂಗ್ ಮೇಷ್ಟ್ರು ಕಂಠಪ್ಪನವರದು ಒಂದೇ ಕಟ್ಟಳೆ. ಹಾಳೆಯ ಬಲಮೂಲೆಯಲ್ಲಿ ಮೂಲ ಬರೆದಿರಬೇಕು: ಯಾವ ಪುಸ್ತಕ, ಎಷ್ಟನೆಯ ಸಂಪುಟ, ಎಷ್ಟನೆಯ ಪಟ. ಬರೆಯದ ಹಾಳೆಯನ್ನು ಅವರು ತರಗತಿಯ ಮುಂದೆಯೇ ಹರಿದು ನಾಲ್ಕು ಮಾಡುತ್ತಿದ್ದರು. ಎಂಥ ಚಂದದ ಹಾಳೆಯಾದರೂ ಸರಿ, ಕೈ ನಡುಗುತ್ತಿರಲಿಲ್ಲ.

ಎರಡನೆಯ ಸಂಪುಟದಲ್ಲಿ ನಲವತ್ತಾದ ಮೇಲೆ ನಲವತ್ತೆರಡು ಬರುತ್ತದೆಂದು ಅಬ್ದುಲ್ ರಹಮಾನ್ ಮೊದಲ ವರ್ಷವೇ ಕಂಡಿದ್ದ. ನಡುವಿನ ಪಟವನ್ನು ಯಾರೋ ಎಂದೋ ಕಿತ್ತಿದ್ದರು. ಪುಟ್ಟಮಲ್ಲಪ್ಪನಿಗೆ ಹೇಳಬೇಕಿತ್ತು. ಇವತ್ತು ನಾಳೆ ಎಂದು ಹೇಳದೆ ಉಳಿದ. ಸೋಮಾರಿತನ, ಇನ್ನೇನು?

ಎರಡನೆಯ ವರ್ಷ ಅವನ ಹೆಂಡತಿ ಅಜ್ಮತುನ್ನೀಸಾ ಹೆಗ್ಗಡದೇವನಕೋಟೆಯ ಕಡೆ ನೆಂಟರ ಮದುವೆಗೆ ಹೋಗಿ ಚಳಿಜ್ವರ ಹತ್ತಿಸಿಕೊಂಡು ಬಂದಳು. ಒಂಬತ್ತನೆಯ ದಿನ ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಗಂಡ ಮಾರನೆಯ ಬೆಳಿಗ್ಗೆ ಉಳಿ ಹಿಡಿದು ಕೂತ. ಅಳು ಬರಲಿಲ್ಲ. ಬಂದಿದ್ದರೆ ಅಳುತ್ತಿದ್ದ, ಹಟವೇನೂ ಇರಲಿಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಉಳಿ ತಗುಲಿ ಬೆರಳಿನಿಂದ ರಕ್ತ ಸುರಿದರೆ ಯಾರದೋ ಬೆರಳನ್ನು ನೋಡುವಂತೆ ನೋಡುತ್ತಿದ್ದ. ತಾಯಿ ಗುಲ್ಜಾರ್ ಬೀ ಒಂದು ದಿನ ಅವನ ಎರಡು ಕೆನ್ನೆ ಹಿಡಿದು, "ಅತ್ತುಬಿಡೋ ಮಗನೇ" ಎಂದಳು. ಅವನು, "ಹೂಂ" ಎಂದ.

ನಲವತ್ತನೆಯ ದಿನ ಸತ್ತವಳ ಬಟ್ಟೆಬರೆಯನ್ನು ಬಡವರಿಗೆ ಕೊಡುವುದು ಅವರ ಮನೆಯ ರೂಢಿ. ಹಿಂದಿನ ದಿನ ತಾಯಿ ಗಂಟು ಕಟ್ಟುತ್ತಿದ್ದಾಗ ಅದರಲ್ಲಿ ದಿಂಬಿನ ಗವಸು ಕಂಡಿತು. ಕೆಂಪು ದಾರದಲ್ಲಿ ಅಜ್ಮತ್ ತನ್ನ ಮನಸ್ಸಿನಿಂದಲೇ ಹೊಲಿದ ಬಳ್ಳಿ. ಎಲೆಗಳೆಲ್ಲ ಮೇಲೆ ನೋಡಿದರೆ ಒಂದೇ ಒಂದು ಕೆಳಗೆ ತಿರುಗಿತ್ತು. ಅದು ತಪ್ಪೆಂದು ಅವನು ಹಿಂದೆ ಒಮ್ಮೆ ನಕ್ಕಿದ್ದ. "ಎಲೆಗಳೆಲ್ಲ ಒಂದೇ ಕಡೆ ನೋಡಬೇಕು ಅಂತ ನಿಮ್ಮ ಯಾವ ಪುಸ್ತಕ ಹೇಳಿತು?" ಎಂದು ಅವಳು ಕೇಳಿದ್ದಳು. ಗವಸು ಕೊಡಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಎಣ್ಣೆ ಸವರಿದ ಕಾಗದ ತಂದು ಬಳ್ಳಿಯ ಮೇಲಿಟ್ಟು ಗೆರೆ ಎಳೆದುಕೊಂಡ. ಮಾರನೆಯ ದಿನ ಗವಸು ಹೋಯಿತು.

ಆ ಬಳ್ಳಿಯನ್ನೇ ದೊಡ್ಡ ಹಾಳೆಗೆ ಇಳಿಸಿ ವರ್ಷದ ಪರೀಕ್ಷೆಗೆ ಇಟ್ಟ. ಮೂಲ ಬರೆಯುವ ಮೂಲೆಗೆ ಬಂದಾಗ ಕೈ ನಿಂತಿತು. ಹೆಂಡತಿಯ ಹೆಸರನ್ನು ಪರ ಗಂಡಸರ ಮುಂದೆ ಎತ್ತುವುದು ಅವರ ವಂಶದಲ್ಲೇ ಇರಲಿಲ್ಲ. ಹೊರಗೆ ಅವಳು 'ನಮ್ಮ ಮನೆಯವರು', ಅಷ್ಟೇ. ಅದರಲ್ಲೂ ಅವಳ ತಲೆದಿಂಬಿನ ವಿಷಯ! ಬರೆಯದಿದ್ದರೆ ಹಾಳೆ ನಾಲ್ಕು ಚೂರು, ಅವಳ ಬಳ್ಳಿಯೂ ನಾಲ್ಕು ಚೂರು. ಯಾರೂ ತೆರೆದು ನೋಡಲಾಗದ ಮೂಲವೊಂದು ಅವನಿಗೆ ಗೊತ್ತಿತ್ತು. ಎರಡನೆಯ ಸಂಪುಟ, ನಲವತ್ತೊಂದನೆಯ ಪಟ ಎಂದು ಬರೆದ.

ಎಡವಟ್ಟಾದದ್ದು ಅಲ್ಲೇ. ಕಂಠಪ್ಪನವರಿಗೆ ಆ ಹಾಳೆ ಬಹಳ ಹಿಡಿಸಿತು. ಪೆಟ್ಟಿಗೆ ಬಂದ ದಿನವೇ ಮೂಲವನ್ನು ನೋಡುವ ಆಸೆಯಿಂದ ಸಂಪುಟ ತರಿಸಿದರು. ನಲವತ್ತು, ನಲವತ್ತೆರಡು. ನಡುವೆ ಕಿತ್ತ ಅಂಚು.

"ನೋಡಿ ತಾನೇ ಬರೆದದ್ದು ನೀನು?"

"ಹೌದು ಸ್ವಾಮಿ."

"ಹಾಗಾದ್ರೆ ಆಗ ಪಟ ಇತ್ತು. ಈಗ ಇಲ್ಲ. ಈ ಸಂಪುಟಕ್ಕೆ ರಿಜಿಸ್ಟರಲ್ಲಿ ಇರೋದು ನಿನ್ನೊಬ್ಬನ ಹೆಸರು."

ಪುಟ್ಟಮಲ್ಲಪ್ಪ ಅವನ ಮುಖವನ್ನೇ ನೋಡುತ್ತಿದ್ದ. "ಇಲ್ಲ ಅನ್ನಲಾ, ಒಂದ್ ಮಾತು ಅನ್ನು" ಎಂದ. ಇಲ್ಲ ಎಂದರೆ ಬಳ್ಳಿ ಎಲ್ಲಿಂದ ಬಂತೆಂದು ಹೇಳಬೇಕು. ಹೇಳದಿದ್ದರೆ ಹಾಳೆ ಹರಿಯುತ್ತದೆ. ಅಬ್ದುಲ್ ರಹಮಾನ್ ಮೇಷ್ಟ್ರ ಬೆರಳುಗಳನ್ನೇ ನೋಡಿದ, ಅವು ಹಾಳೆಯ ಅಂಚಿನ ಮೇಲಿದ್ದವು.

"ನಾನೇ ಹರಿದೆ" ಎಂದ.

ತರಗತಿಯಿಂದ ಅವನ ಹೆಸರು ಹೊಡೆದರು. ಸರ್ಟಿಫಿಕೇಟು ಹೋಯಿತು. ಹೋಗುವ ಮೊದಲು ಕಳೆದ ಪಟವನ್ನು ಪುಸ್ತಕದ ಅಳತೆಗೆ ಸರಿಯಾಗಿ ಬರೆದು ತುಂಬಿಕೊಡಬೇಕೆಂದು ಕಂಠಪ್ಪನವರು ದಂಡ ಹಾಕಿದರು. ಅವನು ಮೂರು ದಿನ ಕೂತು ಬರೆದುಕೊಟ್ಟ. ಎಡಬುಡದಲ್ಲಿ, ಮಾಡಿದವರ ಹೆಸರಿರುವ ಜಾಗದಲ್ಲಿ, ಇರುವೆಯಷ್ಟು ಸಣ್ಣ ಉರ್ದು ಅಕ್ಷರ ಬರೆದ. ಮೇಷ್ಟ್ರಿಗೆ ಉರ್ದು ಬಾರದು, ಅದನ್ನು ಬಳ್ಳಿಯ ಸುಳಿ ಎಂದುಕೊಂಡರು. ಪುಟ್ಟಮಲ್ಲಪ್ಪ ಗೋಂದು ಹಾಕಿ ಪಟವನ್ನು ಅಂಟಿಸಿದ. ಪೆಟ್ಟಿಗೆ ಬಸ್ಸು ಹತ್ತಿತು.

ಆಮೇಲೆ ಏಳು ವರ್ಷ ಅವನು ಗಾಡಿಚಕ್ರವನ್ನೇ ಮಾಡಿದ. ಕಳ್ಳ ಎಂದು ಒಬ್ಬಿಬ್ಬರು ಆಡಿಕೊಂಡರು. ಅದೂ ಅವನಿಗೆ ಹತ್ತಲಿಲ್ಲ. ಇನ್ನೊಂದು ಮದುವೆಯ ಮಾತು ಬಂದಾಗ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ, ಮಾತು ತಾನಾಗಿ ನಿಂತಿತು. ತಾಯಿಯೂ ಹೋದಳು. ಆಗಲೂ ಅವನಿಗೆ ಅಳು ಬರಲಿಲ್ಲ.

ಒಂದು ಮಧ್ಯಾಹ್ನ ಪ್ರೇಮಮ್ಮ ಎಂಬ ಹೆಣ್ಣುಮಗಳು ಅಂಗಡಿಗೆ ಬಂದಳು. ಕೃಷ್ಣರಾಜನಗರದ ಹೊಲಿಗೆ ತರಗತಿಯಲ್ಲಿ ಕಲಿಯುತ್ತಿದ್ದವಳು, ಹುಣಸೂರಿನ ತವರಿಗೆ ಬಂದಿದ್ದಳು. ತಾನು ಕಸೂತಿ ಹಾಕಿದ ಬಟ್ಟೆಗೆ ಮರದ ಚೌಕಟ್ಟು ಬೇಕೆಂದು ಅದನ್ನು ಹಲಗೆಯ ಮೇಲೆ ಬಿಚ್ಚಿ ಹರಡಿದಳು.

ಕೆಂಪು ದಾರದ ಬಳ್ಳಿ. ಒಂದು ಎಲೆ ಕೆಳಗೆ ತಿರುಗಿತ್ತು.

"ನಮ್ಮೂರ್ಗೆ ಪುಸ್ತಕದ ಪೆಟ್ಗೆ ಬತ್ತದಲ್ಲ, ಅದ್ರಲ್ಲಿ ಸಿಕ್ತು" ಎಂದು ಜೊತೆಗಿದ್ದ ಹಾಳೆ ತೋರಿಸಿದಳು. ಬಲಮೂಲೆಯಲ್ಲಿ ಎರಡನೆಯ ಸಂಪುಟ, ನಲವತ್ತೊಂದನೆಯ ಪಟ ಎಂದು ದುಂಡಗೆ ಬರೆದಿತ್ತು. "ಈ ಬುಡದಲ್ಲಿರೋ ಸಣ್ಣ ಸುಳಿ ಬಳ್ಳೀಗೆ ಸೇರಾಕಿಲ್ಲ, ಬುಟ್ಬುಡು ಅಂದ್ರು ನಮ್ ಟೀಚರಮ್ಮ. ನಾನು ಇದ್ದದ್ದು ಇದ್ದಂಗೇ ಒಲ್ದೆ. ತೆಗೀಬೇಕಾ ಅಣ್ಣ?"

ಎಡಬುಡದಲ್ಲಿ ದಾರ ತುಸು ಸೊಟ್ಟಗೆ ಓಡಿತ್ತು, ಆದರೂ ಓದಬಹುದಾಗಿತ್ತು. ಅವನು ಅಳತೆಯ ಕೋಲು ಇಟ್ಟ, ತೆಗೆದ, ಮತ್ತೆ ಇಟ್ಟ. ಅಳತೆ ತಲೆಯಲ್ಲಿ ನಿಲ್ಲಲಿಲ್ಲ.

"ತೆಗೀಬೇಡ ತಾಯಿ. ಅದು ಹೆಸರು."

"ಯಾರ್ದು?"

"ಅಜ್ಮತುನ್ನೀಸಾ" ಎಂದ. "ನನ್ನ ಹೆಂಡತಿ. ಇದು ಅವಳು ಹೊಲಿದ ಬಳ್ಳಿ."

ಹೊರಗಿನವರ ಮುಂದೆ ಆ ಹೆಸರನ್ನು ಅವನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಕಣ್ಣು ತುಂಬಿತು, ಹಲಗೆಯ ಮೇಲೆ ತಲೆಯಿಟ್ಟ, ಏಳು ವರ್ಷ ಬಾರದ ಅಳು ಬಂತು.

ಪ್ರೇಮಮ್ಮ ಎದ್ದು ಹೋಗಲಿಲ್ಲ. ಅವನು ಮುಖ ಒರೆಸಿಕೊಳ್ಳುವವರೆಗೆ ಕಾದಳು. ಆಮೇಲೆ ಅವನ ಪೆನ್ಸಿಲನ್ನೇ ತೆಗೆದುಕೊಂಡು ಹಾಳೆಯ ಬಲಮೂಲೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಇನ್ನೊಂದ್ಸಲ ಯೋಳಿ, ನಿಧಾನಕ್ಕೆ. ಮೂಲ ಬರೀಬೇಕಲ್ಲ."

ಅವನು ಇನ್ನೊಂದು ಸಲ ಹೇಳಿದ.