ಕಣಗಿಲೆಗೆ ನಂದಿಬಟ್ಟಲು ಎಂದು ಬರೆದ ದಿನ

ನುಗ್ಗೆ ಗಿಡದ ತುದಿಯಲ್ಲಿ ಹೂ ಬಿಟ್ಟಿತ್ತು. ಫೋನನ್ನು ಎತ್ತಿ ಹಿಡಿದು ಕತ್ತನ್ನು ಹಿಂದಕ್ಕೆ ಬಾಗಿಸಿದೆ. ಎಡಗಿವಿಯ ಕೆಳಗೆ ಏನೋ ಎಳೆದಂತಾಯಿತು. ಮುಟ್ಟಿ ನೋಡಿದೆ. ಹುಣಸೆ ಬೀಜದಷ್ಟು ಗಂಟು. ಒತ್ತಿದರೆ ನೋವಿಲ್ಲ.

ನೋವಿಲ್ಲದ್ದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಫೋಟೋ ತೆಗೆದು ‘ನುಗ್ಗೆ ಹೂ, ಅಫಜಲಪುರ’ ಎಂದು ಬರೆದು ಗುಂಪಿಗೆ ಹಾಕಿದೆ. ಆಮೇಲೆ ಲಿಂಗಪೂಜೆಗೆ ನಾಲ್ಕು ಹೂ ಬಿಡಿಸಿಕೊಂಡು ಒಳಗೆ ಬಂದೆ.

ಆ ಗುಂಪಿನ ಬಗ್ಗೆ ಮೊದಲು ಹೇಳಬೇಕು. ‘ಹಿತ್ತಲ ಬೆಳಗು’ ಅಂತ ಅದರ ಹೆಸರು. ವಾಟ್ಸಾಪ್ ಗುಂಪು, ಮುನ್ನೂರು ಜನ ಇದ್ದೇವೆ. ಬಹಳಷ್ಟು ನನ್ನಂಥ ಮನೆಯ ಹೆಂಗಸರು, ಉಳಿದವರು ನಿವೃತ್ತ ಮಾಸ್ತರರು. ನನ್ನನ್ನು ಸೇರಿಸಿದವಳು ಆಳಂದದಲ್ಲಿರುವ ತಂಗಿ ಜಗದೇವಿ. ಬ್ಲೌಸ್ ಹೊಲಿಯುತ್ತಾ ಎಷ್ಟಂತ ಒಬ್ಬಳೇ ಕೂಡುತ್ತೀ ಅಂದಿದ್ದಳು. ಬೆಳಿಗ್ಗೆ ಎಂಟರೊಳಗೆ ಒಂದು ಫೋಟೋ. ಅದು ಅವತ್ತಿನದೇ ಇರಬೇಕು, ನಮ್ಮ ಹಿತ್ತಲಿನದೇ ಇರಬೇಕು, ಗಿಡದ ಹೆಸರು ಸರಿಯಿರಬೇಕು. ಇಷ್ಟೇ ಅಲ್ಲಿನ ಕಟ್ಟಳೆ.

ಈ ಕಟ್ಟಳೆಯ ಕಾವಲಿಗೆ ಗುರುಪಾದಪ್ಪ ಸರ್ ಇದ್ದರು. ಜೇವರ್ಗಿಯಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ನನ್ನ ತವರೂ ಜೇವರ್ಗಿಯೇ ಆದರೂ ಅವರನ್ನು ನಾನು ಒಮ್ಮೆಯೂ ಕಂಡವಳಲ್ಲ. ಅವರ ಹೊಗಳಿಕೆ ಎಂದರೆ ಏನೂ ಬರೆಯದೇ ಇರುವುದು. ಒಬ್ಬಾಕೆ ಘತ್ತರಗಿ ಭಾಗ್ಯವಂತಿ ಗುಡಿಯ ಹೂವಿನ ಫೋಟೋ ಹಾಕಿದಾಗ, ‘ದೇವಿಯ ಹಿತ್ತಲು ನಿಮ್ಮದು ಯಾವಾಗ ಆಯಿತು?’ ಎಂದು ಕೇಳಿದ ಮನುಷ್ಯ.

ಎರಡು ವರ್ಷದ ಹಿಂದೆ ನಾನು ಹಾಕಿದ ಮೊಟ್ಟಮೊದಲ ಫೋಟೋ ನಮ್ಮ ಬಿಳಿ ಕಣಗಿಲೆಯದು. ಕೆಳಗೆ ‘ನಂದಿಬಟ್ಟಲು’ ಎಂದು ಬರೆದಿದ್ದೆ. ಐದೇ ನಿಮಿಷಕ್ಕೆ ಸರ್ ಉತ್ತರ ಬಂತು. ‘ಅಮ್ಮಾ, ಇದು ಕಣಗಿಲೆ. ಬೇರಿನಿಂದ ಹೂವಿನವರೆಗೆ ವಿಷ. ನೀವು ಬರೆದದ್ದನ್ನು ನಂಬಿ ಯಾರಾದರೂ ಎಲೆ ಕುದಿಸಿ ಕುಡಿದರೆ ಹೊಣೆ ಯಾರು? ಗೊತ್ತಿಲ್ಲದಿದ್ದರೆ ಕೇಳಿ.’ ಮುನ್ನೂರು ಜನರ ಎದುರಿಗೆ. ಅಡುಗೆಮನೆಯಲ್ಲಿ ಕೂತು ಅತ್ತಿದ್ದೆ. ಎರಡು ದಿನ ಫೋನ್ ಮುಟ್ಟಲಿಲ್ಲ. ಮೂರನೆಯ ದಿನ ಹಿತ್ತಲಿಗೆ ಹೋಗಿ ಎರಡೂ ಗಿಡಗಳ ಎಲೆ ಕಿತ್ತು ಪಕ್ಕಪಕ್ಕಕ್ಕಿಟ್ಟು ನೋಡಿದೆ. ಅಲ್ಲಿಂದಲೇ ನನ್ನ ಕಲಿಕೆ ಶುರುವಾದದ್ದು. ಎಸ್ಸೆಸ್ಸೆಲ್ಸಿಗೆ ನಿಂತ ಓದು ಬೈಗುಳದಿಂದ ಮುಂದುವರಿಯಿತು ಅನ್ನಿ.

ಗಂಟು ಬೆಳೆಯಿತು. ಅಡಿಕೆಯಷ್ಟಾಯಿತು. ಸಂಜೆ ಸಂಜೆ ಜ್ವರ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ನಮ್ಮ ಮನೆಯವರು ಶರಣಪ್ಪ, ಊರಲ್ಲೇ ಔಷಧಿ ಅಂಗಡಿ ಇಟ್ಟವರು. ಹದಿನೈದು ದಿನ ಮಾತ್ರೆ ಕೊಟ್ಟು ನೋಡಿದರು. ಆಮೇಲೆ ಕಲಬುರ್ಗಿಗೆ ಕರೆದುಕೊಂಡು ಹೋಗಿ ಬಯಾಪ್ಸಿ ಮಾಡಿಸಿದರು. ರಿಪೋರ್ಟ್ ತರಲು ಅವರೊಬ್ಬರೇ ಹೋದರು. ಬಂದವರು ಚಪ್ಪಲಿ ಬಿಡುತ್ತಲೇ ಹೇಳಿದರು.

“ಗಂಟಿನ ಟಿಬಿ ಅಂತ. ಕೋರ್ಸ್ ಸ್ವಲ್ಪ ಸ್ಟ್ರಾಂಗ್ ಅದ. ಸೊಲ್ಲಾಪುರದಾಗ ಸಲಾಯಿನ್‌ದಾಗ ಹಾಕಸ್ಬೇಕು.”

ನಂಬಿದೆ. ಯಾಕೆ ನಂಬಬಾರದು? ಊರಿಗೆಲ್ಲ ಔಷಧಿ ಕೊಡುವ ಮನುಷ್ಯ, ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವರು.

ಸೊಲ್ಲಾಪುರದ ಡಾಕ್ಟರು ಮರಾಠಿಯಲ್ಲಿ ಮಾತಾಡಿದರು. ನಮ್ಮ ಮನೆಯವರಿಗೆ ಮರಾಠಿ ನೀರು ಕುಡಿದಷ್ಟು ಸುಲಭ. ಜೇವರ್ಗಿಯಲ್ಲಿ ಬೆಳೆದ ನನಗೆ ಬಾರದು. ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ಬಹಳ ಹೊತ್ತು ಹೇಳಿದರು, ನಡುನಡುವೆ ನನ್ನ ಮುಖ ನೋಡಿದರು. ನಾನು ಇವರ ಕಡೆ ತಿರುಗಿದೆ. “ಆರಾಮ ಆಗ್ತದ ಅಂತ,” ಅಂದರು. ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೇ ಎಂದು ಒಂದು ಗಳಿಗೆ ಅನ್ನಿಸಿತು. ಕೇಳಲಿಲ್ಲ. ಕೇಳಬೇಕಿತ್ತು.

ಕೆಂಪು ಔಷಧಿ ಏರಿಸಿದರು. ಮೂತ್ರವೂ ಕೆಂಪಗೆ ಹೋಯಿತು. ಹೆದರಬೇಡಿ, ಔಷಧಿಯ ಬಣ್ಣ ಎಂದು ನರ್ಸ್ ಹಿಂದಿಯಲ್ಲಿ ಹೇಳಿದಳು. ಬಾಯಿಗೆ ಕಬ್ಬಿಣ ನೆಕ್ಕಿದ ರುಚಿ ಬಂತು. ಮನೆಗೆ ಬಂದ ಮೇಲೆ ಮೂರು ದಿನ ಒಗ್ಗರಣೆಯ ವಾಸನೆ ಬಂದರೂ ವಾಂತಿ. ಇವರು ಅಂಗಡಿಯಿಂದ ಮಾತ್ರೆಗಳನ್ನು ಸಣ್ಣ ಕಾಗದದ ಪೊಟ್ಟಣದಲ್ಲಿ ತರುತ್ತಿದ್ದರು. ಸ್ಟ್ರಿಪ್ ಇಲ್ಲ, ಹೆಸರಿಲ್ಲ. ಔಷಧಿ ಅಂಗಡಿಯವನ ಹೆಂಡತಿಗೆ ತಾನು ನುಂಗುವ ಗುಳಿಗೆಯ ಹೆಸರು ಗೊತ್ತಿಲ್ಲ.

ಇಷ್ಟರಲ್ಲೂ ಫೋಟೋ ಬಿಡಲಿಲ್ಲ. ಸೊಲ್ಲಾಪುರದ ಆಸ್ಪತ್ರೆಯಿಂದಲೂ ಹಾಕಿದ್ದೆ. ಕಿಟಕಿಯಾಚೆ ಒಂದು ಬೇವಿನ ಮರವಿತ್ತು. ನಮ್ಮ ಹಿತ್ತಲಿನದಲ್ಲ ಎಂದು ಗೊತ್ತಿದ್ದೂ ಹಾಕಿದೆ. ಬೈಗುಳಕ್ಕೆ ಕಾಯುತ್ತ ಕುಳಿತೆ. ಬರಲಿಲ್ಲ. ಕಾಯಿಲೆಯವಳು ಎಂದು ಸರ್ ಕನಿಕರ ತೋರಿರಬೇಕು ಅಂದುಕೊಂಡೆ. ಜ್ವರ, ಆಸ್ಪತ್ರೆ ಎಂದು ನಾನೇ ಗುಂಪಿನಲ್ಲಿ ಬರೆದಿದ್ದೆನಲ್ಲ.

ಆದರೆ ಅಲ್ಲಿಂದ ಗುಂಪಿನ ರೀತಿಯೇ ಬದಲಾಯಿತು. ನಾನು ಏನು ಹಾಕಿದರೂ ಹೃದಯ, ಹೂಗುಚ್ಛ, ಕೈಮುಗಿದ ಚಿತ್ರ. ಮೊದಲು ಹತ್ತು ಜನ ನೋಡಿದರೆ ಹೆಚ್ಚು. ಈಗ ನೂರು, ನೂರೈವತ್ತು. ‘ಸುವರ್ಣಕ್ಕ, ನಿಮ್ಮ ಕಣ್ಣೇ ಕಣ್ಣು.’ ‘ಅಕ್ಕ, ನಿಮ್ಮ ಫೋಟೋ ನೋಡದೆ ನಮ್ಮ ಬೆಳಗಾಗದು.’ ಸುಳ್ಳು ಯಾಕೆ ಹೇಳಲಿ, ಹಿಗ್ಗಿದೆ. ಮೈಯಲ್ಲಿ ತ್ರಾಣವಿಲ್ಲದಿದ್ದರೂ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಕಾಯಿಲೆ ಒಂದು ಕಡೆ ಕಸಿದುಕೊಂಡು ಇನ್ನೊಂದು ಕಡೆ ಕೊಟ್ಟಿತು, ನನ್ನ ಕೈಗೆ ಕಲೆ ಬಂತು ಎಂದು ನಂಬಿದೆ.

ಒಂದು ಬೆಳಿಗ್ಗೆ ಕೈ ನಡುಗಿ ದಾಸವಾಳದ ಫೋಟೋ ಪೂರ್ತಿ ಕಲಸಿಹೋಯಿತು. ಹೂವೋ, ಒಣಗಲು ಹಾಕಿದ ಕೆಂಪು ಬಟ್ಟೆಯೋ ತಿಳಿಯದಂತಿತ್ತು. ತಪ್ಪಿ ಅದೇ ಹೋಗಿಬಿಟ್ಟಿತು. ಅಳಿಸಬೇಕು ಅನ್ನುವಷ್ಟರಲ್ಲಿ ಹೊಗಳಿಕೆಯ ಮಳೆ ಸುರಿಯಿತು. ‘ಅದ್ಭುತ.’ ‘ಅಕ್ಕ, ಕಣ್ಣು ತುಂಬಿ ಬಂತು.’

ಕಲಸಿಹೋದ ದಾಸವಾಳ ನೋಡಿ ಯಾರಿಗೆ ಕಣ್ಣು ತುಂಬುತ್ತದೆ?

ಇಡೀ ದಿನ ಆ ಒಂದು ಸಾಲು ತಲೆಯಲ್ಲಿ ಕೊರೆಯಿತು. ಮರುದಿನ ಬೆಳಿಗ್ಗೆ ಎದ್ದವಳೇ ಬಿಳಿ ಕಣಗಿಲೆಯ ಹತ್ತಿರ ಹೋದೆ. ಉದ್ದನೆಯ ಎಲೆಗಳೆಲ್ಲ ಕಾಣುವಂತೆ, ಕುರುಡರೂ ಗುರುತಿಸುವಂತೆ ಫೋಟೋ ತೆಗೆದೆ. ಕೆಳಗೆ ಬೇಕೆಂದೇ ಬರೆದೆ: ‘ನಂದಿಬಟ್ಟಲು’.

ಗುರುಪಾದಪ್ಪ ಸರ್ ನೋಡಿದರು. ಬರೆಯುತ್ತಿದ್ದಾರೆ ಎಂದು ಫೋನ್ ತೋರಿಸಿತು. ನಿಂತಿತು. ಮತ್ತೆ ಬರೆಯತೊಡಗಿದರು. ಮತ್ತೆ ನಿಂತಿತು.

ಕೊನೆಗೆ ಒಂದು ಕೈಮುಗಿದ ಚಿತ್ರ ಬಂತು. ಅದರ ಪಕ್ಕದಲ್ಲಿ, ‘ಬಹಳ ಚೆನ್ನಾಗಿದೆ ತಾಯಿ.’

ನಾನು ಸಾಯುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಹೀಗೆ.

ಕಣಗಿಲೆಯ ಬುಡದಲ್ಲೇ ಕೂತು ಅವರಿಗೆ ಫೋನ್ ಮಾಡಿದೆ. ಎರಡು ವರ್ಷದಲ್ಲಿ ಮೊದಲ ಸಲ ಅವರ ದನಿ ಕೇಳಿದ್ದು. ಮುದಿ ದನಿ, ಅಂಜಿದಂತಿತ್ತು. ಸರ್, ಅದು ಕಣಗಿಲೆ ಅಲ್ಲವೇನ್ರಿ ಎಂದು ಕೇಳಿದೆ. ಹೌದು ಅಂದರು. ಹಾಗಾದರೆ ಯಾಕೆ ತಿದ್ದಲಿಲ್ಲ ಎಂದೆ.

“ನಂಗ ಏನಾಗ್ಯಾದ್ರಿ ಸರ್?”

“ನಾ ಸುಳ್ಳು ಹೇಳಾಂವಲ್ಲ ತಂಗಿ. ಆದ್ರ ಖರೇ ಹೇಳಾಕ ನಂಗ ಪರವಾನಗಿ ಕೊಟ್ಟಿಲ್ಲ. ನಿಮ್ಮ ಮನಿಯವರ್ನ ಕೇಳ್ರಿ.”

ಮನೆಯವರು ಅಂಗಡಿಗೆ ಹೊರಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಕೇಳಿದೆ. ಮೊದಲು ಟಿಬಿ ಅಂದರು. ರಿಪೋರ್ಟ್ ತೋರಿಸಿ ಅಂದೆ. ಅಂಗಡಿಯಲ್ಲಿದೆ ಅಂದರು. ನಡೆಯಿರಿ, ನಾನೂ ಬರುತ್ತೇನೆ ಎಂದು ಸೆರಗು ಹೊದ್ದೆ. ಆಗ ಮಂಚದ ಮೇಲೆ ಕುಸಿದು ಕೂತರು. ಕ್ಯಾನ್ಸರ್ ಅನ್ನುವ ಮಾತನ್ನು ನೆಲ ನೋಡುತ್ತಾ ಹೇಳಿದರು.

“ನೀ ಹೆದರಿ ಜೀವ ಬಿಡ್ತಿ ಅಂತ ಹೇಳ್ಲಿಲ್ಲ,” ಅಂದರು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂಬ ಮಾತು ಕೇಳಿದ್ದೆ. ಅದರ ಉರಿ ಅವತ್ತು ತಿಳಿಯಿತು. ರೋಗದ ಭಯ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು. ನನ್ನ ಮೈ, ನನ್ನ ಗಂಟು, ನನ್ನ ಸಾವು. ಅದರ ಸುದ್ದಿ ಮುಖ ನೋಡದ ಮುನ್ನೂರು ಜನಕ್ಕೆ ಸಿಕ್ಕಿದೆ, ನನಗೆ ಸಿಕ್ಕಿಲ್ಲ. ಎಲ್ಲಕ್ಕಿಂತ ಹೆಚ್ಚು ಸಂಕಟವಾದದ್ದು ಯಾವುದಕ್ಕೆ ಗೊತ್ತೇ? ಆ ಹೊಗಳಿಕೆಗೆ. ನನ್ನ ಫೋಟೋಗಳು ಚೆನ್ನಾಗಿರಲೇ ಇಲ್ಲ.

ಇವರು ಫೋನ್ ಮಾಡಿದ ಮೇಲೆ ಜಗದೇವಿ ಮಧ್ಯಾಹ್ನದ ಬಸ್ಸಿಗೆ ಆಳಂದದಿಂದ ಬಂದಳು. ರಿಪೋರ್ಟ್ ಬಂದ ದಿನವೇ ಇವರು ಅವಳಿಗೆ ತಿಳಿಸಿದ್ದರಂತೆ. ಗುಂಪಿನವರು ನನ್ನ ಜ್ವರದ ಬಗ್ಗೆ ಅವಳಿಗೆ ಫೋನ್ ಮಾಡತೊಡಗಿದಾಗ ಅವಳು ಇನ್ನೊಂದು ಗುಂಪು ಮಾಡಿದಳು. ಎಲ್ಲರೂ ಇದ್ದರು, ನನ್ನೊಬ್ಬಳನ್ನು ಬಿಟ್ಟು. ಅಕ್ಕನಿಗೆ ಕ್ಯಾನ್ಸರ್ ಆಗಿದೆ, ಅವಳಿಗೆ ಹೇಳಿಲ್ಲ, ಯಾರೂ ಬಾಯಿ ಬಿಡಬೇಡಿ, ಫೋಟೋ ಹಾಕಿದರೆ ಖುಷಿಪಡಿಸಿ ಎಂದು ಅದರಲ್ಲಿ ಬರೆದಿದ್ದಳು. ಗುರುಪಾದಪ್ಪ ಸರ್‌ಗೆ ಬೇರೆಯಾಗಿ ಫೋನ್ ಮಾಡಿ, ದಯವಿಟ್ಟು ಅಕ್ಕನ ತಪ್ಪು ಹಿಡಿಯಬೇಡಿ ಎಂದು ಬೇಡಿಕೊಂಡಿದ್ದಳು.

ಬಾಯಿಗೆ ಬಂದಂತೆ ಬೈದೆ. ನೀನು ನನ್ನ ಒಡಹುಟ್ಟಿದವಳಲ್ಲ ಎಂದೂ ಅಂದೆ. ತಲೆ ತಗ್ಗಿಸಿಕೊಂಡು ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

“ಅವ್ವಗ ಹೇಳಬ್ಯಾಡ ಅಂದಾಕಿ ನೀನೇ ಅಲ್ಲೇನಕ್ಕಾ?”

ಹನ್ನೊಂದು ವರ್ಷದ ಹಿಂದೆ ಅವ್ವನಿಗೆ ಹೊಟ್ಟೆಯಲ್ಲಿ ಇದೇ ರೋಗ. ಹುಣ್ಣಾಗಿದೆ, ಖಾರ ಬಿಟ್ಟರೆ ವಾಸಿಯಾಗುತ್ತದೆ ಎಂದು ನಂಬಿಸಿದವಳು ನಾನೇ. ಅವ್ವ ಖಾರ ಬಿಟ್ಟಳು. ಕಡೆಯ ತಿಂಗಳುಗಳಲ್ಲಿ ಜೋಳದ ರೊಟ್ಟಿಗೆ ಬರೀ ಹಾಲು ಹಚ್ಚಿಕೊಂಡು ತಿಂದಳು. ಒಂದು ಚೂರು ಶೇಂಗಾ ಚಟ್ನಿ ಕೊಡು ಎಂದು ಕೇಳಿದರೆ ನಾನು ಗದರಿಸುತ್ತಿದ್ದೆ. ಸಾಯುವ ಮುಂಚಿನ ವಾರ ಟ್ರಂಕಿನಿಂದ ಸೀರೆಗಳನ್ನು ತೆಗೆಸಿ, ಇದು ನಿನಗೆ, ಇದು ಜಗದೇವಿಗೆ ಎಂದು ಹಂಚಿದಳು. ಯಾಕೆ ಎಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು. ನಮಗೆ ಮುಜುಗರವಾಗಬಾರದು ಎಂದು ಹುಣ್ಣಿನ ಸುಳ್ಳನ್ನು ನಂಬಿದಂತೆ ಇದ್ದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಅದು ನನಗೇ ಹೇಳಿ ಮಾಡಿಸಿದ್ದು. ಆದರೂ ನನಗೆ ಅವ್ವನಷ್ಟು ಸೈರಣೆ ಇಲ್ಲ. ನಂಬಿದಂತೆ ಇರಲು ನನ್ನಿಂದಾಗದು.

ಎರಡನೆಯ ಕಿಮೋಗೆ ಸೊಲ್ಲಾಪುರಕ್ಕೆ ಹೋದಾಗ ಇವರನ್ನು ಹೊರಗೆ ಕೂಡಿಸಿದೆ. ಒಬ್ಬಳೇ ಒಳಗೆ ಹೋದೆ. ಬರುವ ಹರಕು ಹಿಂದಿಯಲ್ಲೇ ಕೇಳಿದೆ. ಡಾಕ್ಟರಿಗೆ ಆಶ್ಚರ್ಯ. ನಿಮಗೆ ಎಲ್ಲ ತಿಳಿಸಿದ್ದೇನೆ ಎಂದು ನಿಮ್ಮ ಯಜಮಾನರು ಹೇಳಿದ್ದರಲ್ಲ ಅಂದರು. ಮತ್ತೆ ಅದೇ ಚಿತ್ರ ಬರೆದರು. ಲಿಂಫೋಮಾ, ಗಂಟುಗಳ ಕ್ಯಾನ್ಸರ್. ಎರಡನೆಯ ಸ್ಟೇಜ್. ಒಟ್ಟು ಆರು ಸಲ ಔಷಧಿ. ವಾಸಿಯಾಗುವ ಸಂಭವ ಚೆನ್ನಾಗಿದೆ, ಗ್ಯಾರಂಟಿ ಕೊಡಲಾರೆ ಎಂದರು. ಆ ಹಾಳೆಯನ್ನು ಕೇಳಿ ಇಸಿದುಕೊಂಡು ಮಡಚಿ ಚೀಲದಲ್ಲಿಟ್ಟುಕೊಂಡೆ. ವಾರಗಟ್ಟಲೆ ಆದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ. ಸಾಯುತ್ತೇನೆ ಎಂದುಕೊಂಡಿದ್ದವಳಿಗೆ ಆ ‘ಸಂಭವ’ವೇ ಸಾಕಷ್ಟಾಗಿತ್ತು. ಮೊದಲ ದಿನವೇ ಕನ್ನಡದಲ್ಲಿ ಇದನ್ನು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮನೆಗೆ ಬಂದು ‘ಹಿತ್ತಲ ಬೆಳಗು’ ಗುಂಪಿಗೆ ಬರೆದೆ. ‘ನನಗೆ ಕ್ಯಾನ್ಸರ್ ಆಗಿದೆ. ನಿಮಗೆಲ್ಲ ಗೊತ್ತಿದೆ ಎಂದು ನನಗೆ ಗೊತ್ತಾಗಿದೆ. ನಿಮ್ಮ ಮನಸ್ಸು ಒಳ್ಳೆಯದು. ಆದರೆ ನನ್ನನ್ನು ಬಿಟ್ಟು ಮಾಡಿದ ಆ ಗುಂಪನ್ನು ಮುಚ್ಚಿ. ಫೋಟೋ ಚೆನ್ನಾಗಿಲ್ಲದಿದ್ದರೆ ಸುಮ್ಮನಿರಿ. ಹೆಸರು ತಪ್ಪಿದ್ದರೆ ತಿದ್ದಿ.’

ಕೆಲವರು ಗುಂಪು ಬಿಟ್ಟೇ ಹೋದರು. ಹೋಗಲಿ.

ಕೂದಲು ಉದುರಿತು. ದಿಂಬಿನ ಮೇಲಿನದನ್ನು ಇವರು ನಾನು ಏಳುವ ಮೊದಲೇ ಆರಿಸಿ ಎಸೆಯತೊಡಗಿದರು. ಅದನ್ನೂ ಮುಚ್ಚಿಡಬೇಡಿ ಅಂದೆ. ಅಂದಿನಿಂದ ಅಲ್ಲೇ ಬಿಡುತ್ತಾರೆ, ನಾನೇ ಆರಿಸುತ್ತೇನೆ. ಮಾತ್ರೆಗಳನ್ನು ಸ್ಟ್ರಿಪ್ ಸಮೇತ ತರುತ್ತಾರೆ, ಹೆಸರು ಓದಿ, ಯಾವುದಕ್ಕೆ ಎಂದು ಹೇಳಿ ಕೈಗಿಡುತ್ತಾರೆ. ಕ್ಷಮಿಸಿದ್ದೀಯಾ ಎಂದು ಜಗದೇವಿ ಫೋನಿನಲ್ಲಿ ಕೇಳುತ್ತಾಳೆ. ಇನ್ನೂ ಇಲ್ಲ ಅನ್ನುತ್ತೇನೆ. ನನ್ನಿಂದ ಮತ್ತೊಂದು ಸುಳ್ಳು ಯಾಕೆ?

ಮೂರನೆಯ ಕಿಮೋ ಆದ ವಾರ ಬಚ್ಚಲ ನೀರು ಹರಿಯುವ ಕಡೆ ಒಂದು ಬಳ್ಳಿ ತಾನೇ ಎದ್ದಿತ್ತು. ನಾಲ್ಕು ಎಲೆ. ಫೋಟೋ ತೆಗೆದು ‘ಸವತೆ ಬಳ್ಳಿ’ ಎಂದು ಹಾಕಿದೆ. ಈ ಸಲ ಪರೀಕ್ಷೆಯಲ್ಲ, ಸವತೆ ಎಂದೇ ತಿಳಿದಿದ್ದೆ.

ಐದು ನಿಮಿಷ ಕಳೆಯಿತು.

‘ಇದು ಸವತೆ ಅಲ್ಲ, ಹೀರೆ. ಎಲೆ ನೋಡಿ, ಬಳ್ಳಿಯ ಏಣು ನೋಡಿ. ಎರಡು ವರ್ಷದಿಂದ ಹೇಳುತ್ತಿದ್ದೇನೆ, ಫೋಟೋ ತೆಗೆಯುವ ಮೊದಲು ಗಿಡ ನೋಡಿ. ಗೊತ್ತಿಲ್ಲದಿದ್ದರೆ ಕೇಳಿ.’

ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತೆ. ಹೊರಗೆ ಬಂದ ಇವರು ಗಾಬರಿಯಾಗಿ, ಏನು ನೋಯುತ್ತಿದೆ ಎಂದು ಕೇಳಿದರು. ಫೋನ್ ಅವರ ಕೈಗೆ ಕೊಟ್ಟೆ. ಓದಿದರು. ಇಷ್ಟು ಬಿರುಸಾಗಿ ಬರೆಯುವುದೇ ಎಂದು ಸರ್ ಮೇಲೆ ಸಿಟ್ಟಾದರು. ನಾನು ಬಿಡಿಸಿ ಹೇಳಲು ಹೋಗಲಿಲ್ಲ.

ನಾಲ್ಕನೆಯದು ಮುಗಿದ ಮೇಲೆ ಸ್ಕ್ಯಾನ್ ಮಾಡಿದರು. ಗಂಟುಗಳು ಕರಗುತ್ತಿವೆ. ಇನ್ನೂ ಎರಡು ಬಾಕಿ, ಆಮೇಲೂ ವರ್ಷಗಟ್ಟಲೆ ತಪಾಸಣೆ ಎಂದು ಡಾಕ್ಟರು ಹೇಳಿದ್ದಾರೆ, ನನಗೇ ಹೇಳಿದ್ದಾರೆ.

ಮೊನ್ನೆ ಬೆಳಿಗ್ಗೆ ತಲೆಗೆ ಸೆರಗು ಸುತ್ತಿಕೊಂಡು ಬಚ್ಚಲ ಹಿಂದೆ ಹೋದೆ. ಬಳ್ಳಿ ಗೋಡೆ ಏರಿದೆ. ಎಲೆ ಸರಿಸಿ ನೋಡಿದೆ. ಸರ್ ಹೇಳಿದ್ದೇ ಸರಿ, ಹೀರೇಕಾಯಿ ಬಿಟ್ಟಿದೆ.