ಜೊತೆ ಬಿಡದ ಕಣಗಳು

ಸುಳಿ ಎಂದು ಯಾವುದನ್ನು ಕರೆಯುತ್ತೀ ಎಂಬುದನ್ನು ಸೋಮವಾರದೊಳಗೆ ತೋರಿಸು, ಇಲ್ಲದಿದ್ದರೆ ಆ ಅಧ್ಯಾಯ ತೆಗೆದುಬಿಡು ಎಂದಿದ್ದರು ನನ್ನ ಪಿಎಚ್‌ಡಿ ಗೈಡ್. ಎರಡು ವರ್ಷದ ಕೆಲಸ ಅದು. ಕೊಲ್ಹಾರದ ಸೇತುವೆಯ ಕಂಬಗಳ ಸುತ್ತ ಮಳೆಗಾಲದ ಹೊಸ ನೀರು ಹೇಗೆ ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದೆ. ನೀರನ್ನು ಲಕ್ಷಾಂತರ ಕಣಗಳಾಗಿ ಒಡೆದು ಓಡಲು ಬಿಡುವ ವಿಧಾನ. ಕಣಗಳೇನೋ ಚೆನ್ನಾಗಿಯೇ ಓಡುತ್ತಿದ್ದವು. ಅವುಗಳಲ್ಲಿ ಸುಳಿ ಎಲ್ಲಿದೆ ಎಂದು ಗುರುತಿಸುವುದೇ ಆಗುತ್ತಿರಲಿಲ್ಲ. ಒಂದು ಮಿತಿಗಿಂತ ಜೋರಾಗಿ ತಿರುಗುವ ನೀರಿಗೆ ಕೆಂಪು ಬಣ್ಣ ಕೊಟ್ಟರೆ ಪರದೆ ದಡಾರ ಎದ್ದ ಮೈಯಂತೆ ಕಾಣುತ್ತಿತ್ತು.

ಆ ಮಿತಿಯನ್ನು ಹೇಗೆ ಆರಿಸಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಮೂರನೇ ಕಂಬದ ಹಿಂದೆ ದೊಡ್ಡ ಸುಳಿ ಕಾಣುವ ತನಕ ಅಂಕಿಯನ್ನು ಹಿಂದೆ ಮುಂದೆ ಜಗ್ಗಿದ್ದೆ. ಚಿಕ್ಕವಳಿದ್ದಾಗ ಅಜ್ಜಿಯ ಕೈ ಹಿಡಿದು ಅದನ್ನು ಅಲ್ಲೇ ಕಂಡಿದ್ದೆನಲ್ಲ. ಕಂಡಿದ್ದೆನೇ? ಅಥವಾ ಅಜ್ಜಿ ಹೇಳಿದ್ದನ್ನು ಕೇಳಿ ಕಂಡಂತೆ ಮಾಡಿಕೊಂಡೆನೇ?

ಶುಕ್ರವಾರ ಬಾಗೇವಾಡಿಯಿಂದ ಬಸ್ಸು ಹಿಡಿದು ಕೊಲ್ಹಾರಕ್ಕೆ ಹೋದೆ. ಸೇತುವೆಯ ಕೆಳಗೆ ಮೀನು ಹಿಡಿಯುವವರೊಬ್ಬರು ತೆಪ್ಪ ಬಿಚ್ಚುತ್ತಿದ್ದರು. ನನ್ನ ಓದಿಗೆ ಸುಳಿ ನೋಡಬೇಕು ಅಂದೆ.

"ಸುಳಿ ನೋಡಾಕ ಸಾಲಿ ಕಲ್ತೀಯೇನವಾ?"

"ಹೌದ್ರಿ ಕಾಕಾ."

"ಎಷ್ಟ ವರ್ಷ ಆತು?"

"ಇಪ್ಪತ್ತ ಆತ್ರಿ."

"ಇನ್ನೂ ಮುಗದಿಲ್ಲ. ಕುಂದರು, ತೆಪ್ಪದಾಗ ಕುಂದರು."

ಬಲೆ ಬೀಸುವ ಮೊದಲು ಅವರು ಚೀಲದಿಂದ ಒಂದು ಹಿಡಿ ಜೋಳದ ಹೊಟ್ಟು ತೆಗೆದು ನೀರಿಗೆ ಎರಚಿದರು. ಕಂಬದ ಪಕ್ಕದಲ್ಲಿ ಹೊಟ್ಟು ಗರಗರ ತಿರುಗಿತು. ಅದೇ ಸುಳಿ ಎಂದು ಬೆರಳು ಮಾಡಿದೆ.

"ತಿರುಗೂದೆಲ್ಲಾ ಸುಳಿ ಅಲ್ಲವಾ. ತಡಿ ಸ್ವಲ್ಪ."

ನೋಡುತ್ತಿದ್ದಂತೆ ಆ ಹೊಟ್ಟು ಚದುರಿ ಹೋಯಿತು. ಆಚೆ ಮತ್ತೊಂದು ಗುಂಪು ನಿಧಾನವಾಗಿ ಸುತ್ತುತ್ತ, ಇಡಿಯಾಗಿ ಸಾಗುತ್ತಿತ್ತು.

"ಅಲ್ಲಿ ನೋಡು, ಒಂದನ್ನೊಂದು ಬಿಟ್ಟಿಲ್ಲ. ಅದು ಸುಳಿ. ಅದರ ನಡುವ ಒಗದ್ರ ಬಲಿ ಸುತ್ತಿಕೊಂಡು ಹಗ್ಗ ಆಗ್ತೈತಿ."

ನಾನು ಪರದೆಯ ಮೇಲೆ ನೀರನ್ನು ಒಂದು ಕ್ಷಣಕ್ಕೆ ನಿಲ್ಲಿಸಿ ನೋಡುತ್ತಿದ್ದೆ, ಅವರು ಕಾಯುತ್ತಿದ್ದರು. ನನ್ನ ಕಂಪ್ಯೂಟರಿನ ಪ್ರತಿ ಕಣಕ್ಕೂ ಒಂದು ಸಂಖ್ಯೆ ಇದೆ. ಯಾವ ಗಳಿಗೆಯಲ್ಲಿ ಯಾವುದರ ಪಕ್ಕ ಯಾವುದಿತ್ತು ಎಂಬುದೆಲ್ಲ ಆಗಲೇ ದಾಖಲಾಗಿತ್ತು, ನಾನು ಅದನ್ನು ತೆಗೆದು ನೋಡಿಯೇ ಇರಲಿಲ್ಲ. ಕಾಕಾನ ಮಾತುಗಳನ್ನು ಬರೆದುಕೊಂಡದ್ದು ಆಮೇಲೆ ಬಸ್ಸಿನಲ್ಲಿ. ಅಷ್ಟರಲ್ಲಿ ಅವುಗಳಿಗೆ ನನ್ನದೆಷ್ಟು ಸೇರಿತೋ ತಿಳಿಯದು. ಹೊಟ್ಟು ಚದುರಿದ್ದು ಮಾತ್ರ ಫೋನಿನ ವಿಡಿಯೊದಲ್ಲಿದೆ.

ಶನಿವಾರ ಊಟದ ಹೊತ್ತಿಗೆ ಹೊಸ ಪ್ರೋಗ್ರಾಂ ಸಿದ್ಧವಾಯಿತು: ಒಂದಷ್ಟು ಹೊತ್ತು ಕಾದು, ಕಡೆಯ ತನಕ ನೆರೆಯ ಕಣಗಳನ್ನು ಬಿಡದ ಕಣಗಳಿಗಷ್ಟೇ ಬಣ್ಣ. ದಡಾರ ಇಳಿದುಹೋಯಿತು. ಎರಡೇ ಎರಡು ಗುಂಪು ಉಳಿದು, ದುಂಡಗೆ ಸುತ್ತುತ್ತ ಪ್ರವಾಹದೊಂದಿಗೆ ಜಾರಿದವು. ಕೂರಲಾಗದೆ ಕೋಣೆಯಲ್ಲಿ ಓಡಾಡಿದೆ. ಕಾಯುವ ಅವಧಿಯನ್ನು ಅರ್ಧ ಮಾಡಿದೆ, ಇಮ್ಮಡಿ ಮಾಡಿದೆ. ಅವೇ ಎರಡು. ಮೂರನೇ ಕಂಬದ ಹಿಂದೆ ಏನೂ ಇರಲಿಲ್ಲ.

ಸೋಮವಾರ ಗೈಡ್ ಮೊದಲು ಕೇಳಿದ್ದು ಅದನ್ನೇ. "ಇಲ್ಲಿದ್ದ ದೊಡ್ಡ ಸುಳಿ ಎಲ್ಲಿ ಹೋತು?"

"ಅದು ಇರಲೇ ಇಲ್ರಿ ಸರ್. ನಾನ ಅಲ್ಲಿ ಇಟ್ಟಿದ್ದೆ."

ಅವರು ಕನ್ನಡಕ ತೆಗೆದು ಪರದೆಯ ಹತ್ತಿರಕ್ಕೆ ಬಾಗಿದರು.

"ಅಧ್ಯಾಯದಾಗ ಅದನ್ನೂ ಬರಿ," ಅಂದರು. "ಈಗ ಇನ್ನೊಮ್ಮೆ ಓಡಸು, ನೋಡೂಣು."