ಭಾವನ ಪರವಾಗಿ ನಾನು ಒತ್ತಿದ ಅಕ್ಷರ

ಇದನ್ನು ಬರೆಯುವುದನ್ನು ಬಹಳ ಕಾಲದಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಮೊದಲು ಕಣ್ಣಿನ ಪೊರೆ ಅಂದೆ, ಪೊರೆ ತೆಗೆಸಿದ್ದಾಯಿತು. ಆಮೇಲೆ ಒಳ್ಳೆಯ ನೋಟ್‌ಬುಕ್ ಇಲ್ಲ ಅಂದೆ. ಹೆಂಡತಿ ಗಾಂಧಿ ಬಜಾರಿನಿಂದ ತಂದುಕೊಟ್ಟಳು. ಅದರ ಮೊದಲ ಹತ್ತು ಪುಟದಲ್ಲಿ ನೆಂಟರಿಷ್ಟರ ಫೋನ್ ನಂಬರುಗಳನ್ನು ಬರೆದಿಟ್ಟೆ. ನಿಜ ಏನೆಂದರೆ, ಈ ಸಂಗತಿಯ ಮುಕ್ಕಾಲು ಪಾಲು ನೆನೆಸಿಕೊಂಡರೆ ನನಗೆ ಇವತ್ತಿಗೂ ನಗು ಬರುತ್ತದೆ. ಉಳಿದ ಕಾಲು ಪಾಲು ಹತ್ತಿರ ಬಂದಾಗ ಪೆನ್ನಿನ ಕ್ಯಾಪು ಹಾಕಿ ಎದ್ದುಬಿಡುತ್ತೇನೆ. ಇವತ್ತು ಕ್ಯಾಪನ್ನು ಹೆಂಡತಿಯ ಕೈಗೆ ಕೊಟ್ಟು ಕೂತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸು. ನಗರ್ತಪೇಟೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಬಿಲ್ಲು ಬರೆದೆ. ಕೂತ ಜಾಗದಿಂದ ಕಾಣುತ್ತಿದ್ದದ್ದು ಎದುರಿನ ಗೋಡೆ, ತಲೆಯ ಮೇಲಿನ ಫ್ಯಾನು, ಅಷ್ಟೆ. ಊರು ಬೆಳೆಯಿತು ಅಂತ ಬೇರೆಯವರು ಹೇಳಿ ಗೊತ್ತು. ಕೆಲಸ ಬಿಟ್ಟ ಮೇಲೆ, ಒಳಗೆ ಬರುವ ಕರೆಗೆ ದುಡ್ಡಿಲ್ಲ ಅಂತ ಆದ ವರ್ಷ, ಮಗ ಒಂದು ಮೊಬೈಲು ತೆಗೆಸಿಕೊಟ್ಟ. ಸೋಪಿನ ಡಬ್ಬಿಯಷ್ಟು ದಪ್ಪ, ಹಸಿರು ಬೆಳಕಿನ ಪುಟ್ಟ ಪರದೆ. ಆ ಪರದೆಯ ಮೇಲೆ ಕಂಪನಿಯ ಹೆಸರಿನ ಕೆಳಗೆ ಇನ್ನೊಂದು ಹೆಸರು ಮೂಡುತ್ತಿತ್ತು. ನಾವು ಎಲ್ಲಿದ್ದೇವೋ ಆ ಜಾಗದ ಹೆಸರು. ಹತ್ತಿರದ ಟವರು ತನ್ನ ಹೆಸರನ್ನು ಫೋನಿಗೆ ಕಳಿಸುತ್ತಿತ್ತಂತೆ.

ನನಗೆ ಹುಚ್ಚು ಹಿಡಿಯಿತು. ಕರೆ ಮಾಡುವುದಕ್ಕೆ ನನಗೆ ಯಾರೂ ಇರಲಿಲ್ಲ, ಆದರೆ ಈ ಹೆಸರು ಬದಲಾಗುವುದನ್ನು ನೋಡುವುದಕ್ಕಾಗಿಯೇ ಬಸ್ಸು ಹತ್ತತೊಡಗಿದೆ. ಎನ್.ಆರ್. ಕಾಲೋನಿಯಿಂದ ಮಲ್ಲೇಶ್ವರದವರೆಗೆ ಕಿಟಕಿಯ ಪಕ್ಕ ಕೂತು, ಕಿಟಕಿಯ ಆಚೆ ನೋಡದೆ, ಅಂಗೈಯೊಳಗೆ ಊರು ಸಾಗುವುದನ್ನು ನೋಡುತ್ತಿದ್ದೆ. ಬಸವನಗುಡಿ ಹೋಗಿ ಚಾಮರಾಜಪೇಟೆ ಬಂತು, ಚಾಮರಾಜಪೇಟೆ ಹೋಗಿ ಮಾರ್ಕೆಟ್ ಬಂತು. ಸಂತೋಷ ತಡೆಯಲಾರದೆ ಜೋರಾಗಿ ಹೇಳಿಬಿಡುತ್ತಿದ್ದೆ. ಒಂದು ದಿನ ಕಂಡಕ್ಟರು ನನ್ನ ಪಕ್ಕ ನಿಂತು ಅಂದ:

“ಯಜಮಾನ್ರೇ, ಟಿಕೆಟ್ಟೂ ನೀವೇ ಕೊಟ್ಬಿಡಿ. ನಾನು ಹಿಂದ್ಗಡೆ ಸೀಟಲ್ಲಿ ಸ್ವಲ್ಪ ಮಲಗ್ತೀನಿ.”

ಮನೆಯಲ್ಲೂ ಇದೇ ಆಟ. ನಮ್ಮದು ನಾಲ್ಕೇ ಅಂಕಣದ ಮನೆ. ಆದರೂ ಹಾಲಿನಲ್ಲಿ ನಿಂತರೆ ಫೋನು ಎನ್.ಆರ್. ಕಾಲೋನಿ ಅನ್ನುತ್ತಿತ್ತು, ಅಡುಗೆಮನೆಗೆ ಹೋದರೆ ಬಸವನಗುಡಿ, ಬಚ್ಚಲಿನ ಬಾಗಿಲಲ್ಲಿ ತ್ಯಾಗರಾಜನಗರ. ಹೆಂಡತಿಗೆ ಮೂರು ಕಡೆ ನಿಂತು ತೋರಿಸಿದೆ.

“ಹಂಗಾದ್ರೆ ಕಾಫಿ ಬೇಕಿದ್ರೆ ಬಸವನಗುಡಿಗೇ ಬಂದು ಕುಡ್ಕೊಂಡು ಹೋಗಿ,” ಅಂದಳು ಅವಳು. “ಕಾಲೋನಿವರೆಗೂ ಹೊತ್ಕೊಂಡು ಬರೋಕೆ ನನ್ನ ಕೈಲಾಗಲ್ಲ.”

ಮೂರು ಹೆಜ್ಜೆಯಲ್ಲಿ ಮೂರು ಬಡಾವಣೆ ತೋರಿಸುವ ಆ ಯಂತ್ರದ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತ ನನಗೆ ಅವತ್ತೇ ತಿಳಿದಿತ್ತು. ತಿಳಿದೂ ಮಾಡಿದೆ. ಅದಕ್ಕೇ ಇದು ತಪ್ಪೊಪ್ಪಿಗೆ.

ಈಗ ಭಾವನ ವಿಷಯ. ನನ್ನ ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಮದುವೆಯಾಗಿ ಬಂದ ದಿನದಿಂದ ಚಾಮರಾಜಪೇಟೆಯ ಒಂದೇ ಮನೆಯಲ್ಲಿ ಇದ್ದಾಳೆ. ಅವಳ ಗಂಡ ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರಾಗಿ ನಿವೃತ್ತರಾದವರು. ಉದ್ದಕ್ಕೆ, ಸಣ್ಣಗೆ, ಮಾತಿಗೆ ಮೊದಲು ನಗುವ ಮನುಷ್ಯ. ಅವರಿಗೆ ನಡುವಯಸ್ಸಿನಲ್ಲಿ ಕುದುರೆ ಜೂಜಿನ ಚಟ ಅಂಟಿತ್ತು. ಶನಿವಾರ ಮಧ್ಯಾಹ್ನವಾದರೆ ರೇಸ್ ಕೋರ್ಸಿನಲ್ಲಿ ಇರುತ್ತಿದ್ದರು. ಅಕ್ಕನ ಎರಡು ಬಳೆ ಹೋದ ಮೇಲೆ ಅವಳು ಅವರನ್ನು ದೊಡ್ಡ ಗಣಪತಿಯ ಮುಂದೆ ನಿಲ್ಲಿಸಿದಳು. ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ, ಇನ್ನು ಆ ಕಡೆ ತಲೆ ಹಾಕುವುದಿಲ್ಲ ಅಂತ ಆಣೆ ಮಾಡಿದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣವಿಲ್ಲ. ಆಮೇಲೆ ಹದಿನೆಂಟು ವರ್ಷ ಆ ಕಡೆ ಹೋಗಲಿಲ್ಲ. ಬಸ್ಸು ಆ ರಸ್ತೆಗೆ ತಿರುಗಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಮ್ಮೆ ಹಾಗೇ ನಿದ್ದೆ ಹೋಗಿ ಯಶವಂತಪುರದಲ್ಲಿ ಎಚ್ಚರವಾಗಿ, ಅಲ್ಲಿಂದ ನಡೆದು ಬಂದಿದ್ದರು. ಅಕ್ಕ ಆ ಆಣೆಯನ್ನು ನಂಬಿ ಬದುಕಿದಳು.

ಮಗ ಹೊಸ ಫೋನು ಕೊಂಡಾಗ ಅವನ ಹಳೆಯದನ್ನು ನಾನು ಭಾವನಿಗೆ ಕೊಡಿಸಿದೆ. ಸರಿಯಾಗಿ ಆಗಲೇ ಕಂಪನಿಯಿಂದ ಒಂದು ಮೆಸೇಜು ಬಂತು: ನಿಮ್ಮ ಗೆಳೆಯರು ಎಲ್ಲಿದ್ದಾರೆ, ತಿಳಿದುಕೊಳ್ಳಿ. ಅವರ ನಂಬರು ಬರೆದು ಒಂದು ಮೆಸೇಜು ಕಳಿಸಿದರೆ ಸಾಕು, ಅವರ ಫೋನು ಯಾವ ಟವರಿನ ಹತ್ತಿರ ಇದೆ ಅಂತ ಉತ್ತರ ಬರುತ್ತದೆ. ಒಂದೇ ನಿಬಂಧನೆ, ಆ ಗೆಳೆಯರು ಮೊದಲು ಒಪ್ಪಬೇಕು.

ನಾನು ಅಕ್ಕನ ಮನೆಯ ಹಾಲಿನಲ್ಲಿ ಕೂತೇ ಭಾವನ ನಂಬರು ಕಳಿಸಿದೆ. ಭಾವ ಸ್ನಾನಕ್ಕೆ ಹೋಗಿದ್ದರು. ಟೀವಿಯ ಮೇಲಿದ್ದ ಅವರ ಫೋನು ಟಿಂಗ್ ಅಂದಿತು. ಈ ನಂಬರಿನವರು ನೀವಿರುವ ಜಾಗ ತಿಳಿಯಲು ಬಯಸುತ್ತಾರೆ, ಒಪ್ಪಿಗೆಯಿದ್ದರೆ ವೈ ಎಂಬ ಅಕ್ಷರ ಕಳಿಸಿ, ಅಂತ ಇಂಗ್ಲಿಷಿನಲ್ಲಿ ಕೇಳಿತು. ವೈ ಬರಬೇಕಾದರೆ ಒಂಬತ್ತನ್ನು ಮೂರು ಸಲ ಒತ್ತಬೇಕು. ಒತ್ತಿದೆ. ಒಳಗೆ ಭಾವ ಚೊಂಬಿನಿಂದ ನೀರು ಹುಯ್ದುಕೊಳ್ಳುತ್ತಾ ದೇವರನಾಮ ಹೇಳುತ್ತಿದ್ದರು. ಬಂದ ಮೆಸೇಜು, ಹೋದ ಮೆಸೇಜು ಎರಡನ್ನೂ ಅಳಿಸಿ ಫೋನನ್ನು ಮೊದಲಿದ್ದ ಹಾಗೆಯೇ ಓರೆಯಾಗಿ ಇಟ್ಟೆ. ಓರೆಯಾಗಿ ಇಟ್ಟದ್ದು ಯಾಕೆ ನೆನಪಿದೆ ಅಂದರೆ, ಮಾಡುತ್ತಿರುವುದು ಕಳ್ಳತನ ಅಂತ ಗೊತ್ತಿಲ್ಲದವನು ಅಷ್ಟು ಜಾಗ್ರತೆ ಮಾಡುವುದಿಲ್ಲ.

ಆಮೇಲಿನ ಎರಡು ತಿಂಗಳು ನನ್ನಷ್ಟು ಸುಖಿ ಬೆಂಗಳೂರಿನಲ್ಲಿ ಇರಲಿಲ್ಲ. ಬೆಳಿಗ್ಗೆ ಮೆಸೇಜು ಹಾಕುವುದು, ಉತ್ತರ ನೋಡುವುದು, ಭಾವನಿಗೆ ಕರೆ ಮಾಡುವುದು.

“ಭಾವ, ಗಾಂಧಿ ಬಜಾರಲ್ಲಿ ಇದೀರಲ್ವಾ?”

“ಹೌದಯ್ಯ. ನಿಂಗೆ ಹೇಗ್ ಗೊತ್ತಾಯ್ತು?”

“ಬಾಳೆ ಎಲೆ ಕೊಳ್ತಿದೀರಿ.” ಮಾರನೇ ದಿನ ಹಬ್ಬ. ಗಾಂಧಿ ಬಜಾರಿನಲ್ಲಿ ಇನ್ನೇನು ಕೊಂಡಾರು?

ಆ ಕಡೆ ಭಾವ ಸುತ್ತಮುತ್ತ ನೋಡುತ್ತಿದ್ದರು ಅಂತ ಕಾಣುತ್ತದೆ. “ಎಲ್ಲಿ ಅಡಗಿ ಕೂತಿದೀಯ? ಹೂವಿನ ಬುಟ್ಟಿ ಹಿಂದೇನಾ?”

“ಮನೇಲಿದೀನಿ ಭಾವ. ಕಣ್ಣು ಮುಚ್ಚಿದ್ರೆ ಕಾಣತ್ತೆ ನಂಗೆ.”

“ಬಟ್ಟೆ ಅಂಗ್ಡೀಲಿ ಮೂವತ್ತು ವರ್ಷ ಸುಮ್ನೆ ಹಾಳಾದೆ ಕಣಯ್ಯ. ರಾಘವೇಂದ್ರ ಸ್ವಾಮಿ ಮಠದ ಎದುರು ಒಂದು ಬೋರ್ಡ್ ಹಾಕ್ಕೊಂಡು ಕೂರ್ಬೇಕಿತ್ತು.”

ಭಾವ ನಿಜಕ್ಕೂ ನಂಬಿದ್ದರೋ, ನನ್ನ ಸಂತೋಷಕ್ಕೆ ನಂಬಿದ ಹಾಗೆ ಮಾಡುತ್ತಿದ್ದರೋ ಇವತ್ತಿಗೂ ಗೊತ್ತಿಲ್ಲ. ಅವರ ಪಾಲಿಗೆ ಅದು ನನ್ನ ಕಣ್ಕಟ್ಟು, ಅಷ್ಟೆ. ತಾವು ಒಪ್ಪಿಗೆ ಕೊಟ್ಟಿದ್ದೇವೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಅಕ್ಕ ಕೋಡುಬಳೆ ಹೊಸೆಯುತ್ತಿದ್ದಳು. ಭಾವ ಲೈಬ್ರರಿಗೆ ಹೋಗಿದ್ದಾರೆ, ಈಗೊಂದು ತಿಂಗಳಿಂದ ಪ್ರತಿ ಶನಿವಾರ ಹೋಗುತ್ತಾರೆ, ಅಂದಳು. ನನ್ನ ವಿದ್ಯೆ ತೋರಿಸುವ ಹುಮ್ಮಸ್ಸು ಬಂತು.

“ಯಾವ ಲೈಬ್ರರಿ ಅಂತ ಇಲ್ಲಿಂದ್ಲೇ ಹೇಳ್ತೀನಿ ನೋಡಕ್ಕ.”

“ಕೈಲಿರೋ ಕೋಡುಬಳೆ ತಿನ್ನು ಮೊದ್ಲು.”

ಮೆಸೇಜು ಹೋಯಿತು, ಉತ್ತರ ಬಂತು. ಮನಸ್ಸಿನಲ್ಲಿ ಒಮ್ಮೆ ಓದಿಕೊಂಡು ನಂತರ ಬಾಯಿ ಬಿಡಬಹುದಿತ್ತು. ಬಸ್ಸಿನಲ್ಲಿ ಸ್ಟಾಪು ಕೂಗಿ ಕೂಗಿ ರೂಢಿಯಾಗಿಹೋಗಿತ್ತು. “ರೇಸ್ ಕೋರ್ಸ್,” ಅಂದುಬಿಟ್ಟೆ.

ಅಕ್ಕನ ಕೈ ನಿಂತಿತು. ಹೊಸೆದಿದ್ದ ಎಳೆಯ ಎರಡು ತುದಿ ಸೇರಲಿಲ್ಲ. ಎಣ್ಣೆಯಲ್ಲಿದ್ದದ್ದು ಕಪ್ಪಾಗತೊಡಗಿತು.

“ತಪ್ಪು ತೋರಿಸ್ತಿರ್ಬೇಕು,” ಅಂದಳು. “ನಿಮ್ಮನೆ ಬಚ್ಚಲು ತ್ಯಾಗರಾಜನಗರ ಅಂತಲ್ವಾ ಅದು ಹೇಳೋದು.”

ಅವಳಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ. “ಬಚ್ಚಲಿಗೂ ರೇಸ್ ಕೋರ್ಸಿಗೂ ವ್ಯತ್ಯಾಸ ಇಲ್ವಾ ಅಕ್ಕ? ಅರ್ಧ ಮೈಲಿ ಆಚೀಚೆ ಇರಬಹುದು. ಚಾಮರಾಜಪೇಟೆ ಲೈಬ್ರರಿ ಅಲ್ಲಿಗೆ ಹಾರಿ ಹೋಗಲ್ಲ,” ಅಂತ ನನ್ನ ಯಂತ್ರದ ಪರವಾಗಿ ವಾದ ಮಾಡಿದೆ. ಇನ್ನೊಂದು ಸಲ ಕೇಳಿ ನೋಡಲಾ ಅಂದೆ.

“ಬೇಡ್ವೋ. ನಂಗೆ ಗೊತ್ತಾಗೋದೇ ಬೇಡ. ಬಿಟ್ಬಿಡು.”

ಅವಳು ಬೇಡ ಅಂದಿದ್ದಳು. ಈ ಮಾತನ್ನು ಬರೆಯುವುದಕ್ಕೇ ನಾನು ಇಷ್ಟು ವರ್ಷ ತೆಗೆದುಕೊಂಡದ್ದು. ಮುಂದಿನ ಶನಿವಾರ ನಾನೇ ಹೋದೆ, ಅದರ ಮುಂದಿನ ಶನಿವಾರವೂ ಹೋದೆ, ಎರಡು ಸಲವೂ ಅವಳ ಮುಂದೆ ಕೂತು ಓದಿ ಹೇಳಿದೆ. ಎರಡು ಸಲವೂ ರೇಸ್ ಕೋರ್ಸೇ. ಅಕ್ಕನ ಒಳ್ಳೆಯದಕ್ಕೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ನನ್ನ ಆಟದ ಸಾಮಾನು ಸುಳ್ಳು ಹೇಳುವುದಿಲ್ಲ ಅಂತ ಸಾಧಿಸಿ ತೋರಿಸಬೇಕಾಗಿತ್ತು.

ಆ ಮೂರನೇ ಶನಿವಾರ ಭಾವ ಸಂಜೆ ಐದಕ್ಕೆ ಬಂದರು. ಪ್ಯಾಂಟಿನ ಮಂಡಿಯ ಹತ್ತಿರ ಧೂಳು. ಅಕ್ಕ ನಡುಮನೆಯಲ್ಲಿ ನಿಂತಿದ್ದಳು.

“ಎಲ್ಲಿಗ್ ಹೋಗಿದ್ರಿ?”

“ಲೈಬ್ರರಿಗೆ ಕಣೆ.”

ಅಕ್ಕ ದೇವರ ಮನೆಯಿಂದ ಆರತಿ ತಟ್ಟೆ ತಂದು ಅದರಲ್ಲಿ ಕರ್ಪೂರ ಹಚ್ಚಿದಳು. “ಆರಿಸಿ ಹೇಳಿ.”

ಭಾವ ಕರ್ಪೂರ ನೋಡಿದರು. ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಫೋನು ನೋಡಿದರು. ನನ್ನ ಜ್ಯೋತಿಷ್ಯ ಎಲ್ಲಿಂದ ಬರುತ್ತಿತ್ತು ಅಂತ ಅವರಿಗೆ ತಿಳಿದದ್ದು ಆ ಗಳಿಗೆಯಲ್ಲೇ. ಜೇಬಿನಿಂದ ತಮ್ಮ ಫೋನು ತೆಗೆದು ನನ್ನ ಪಕ್ಕ ಇಟ್ಟರು.

“ಒಂದ್ಸಲ ಆರಿಸಿದೀನಿ,” ಅಂದರು ಅಕ್ಕನಿಗೆ. “ಅದು ಸಾಲದು ಅನ್ನೋದಾದ್ರೆ ಇದೂ ಸಾಲಲ್ಲ.” ಕಾಲು ತೊಳೆಯಲು ಹಿತ್ತಲಿಗೆ ಹೋದರು. ಕರ್ಪೂರ ತನ್ನಷ್ಟಕ್ಕೆ ಉರಿದು ಮುಗಿಯಿತು.

ಎರಡು ವಾರ ಆ ಮನೆಯಲ್ಲಿ ಮಾತಿರಲಿಲ್ಲ. ಭಾವ ಶನಿವಾರ ಹೊರಗೆ ಹೋಗಲಿಲ್ಲ. ಎರಡನೇ ವಾರದ ಭಾನುವಾರ ಬೆಳಿಗ್ಗೆ ನಾನು ಅಲ್ಲಿರುವಾಗಲೇ ಗೇಟಿನ ಮುಂದೆ ಒಂದು ಸ್ಕೂಟರು ನಿಂತಿತು. ಗೇರಿಲ್ಲದ ಸೆಕೆಂಡ್ ಹ್ಯಾಂಡ್ ಗಾಡಿ, ಎಳೆ ಬದನೇಕಾಯಿ ಬಣ್ಣ. ಇಳಿದವರು ಭಾವನ ಕಚೇರಿಯಲ್ಲಿ ಅವರ ಕೈಕೆಳಗೆ ಇದ್ದವರು, ಇನ್ನೂ ಕೆಲಸದಲ್ಲಿದ್ದಾರೆ, ಕುಮಾರ ಪಾರ್ಕಿನಲ್ಲಿ ಮನೆ.

“ಏನ್ ಸಾರ್, ಪತ್ತೇನೇ ಇಲ್ಲ? ಎಂಟು ಹಾಕೋದು ಇನ್ನೇನು ಬಂದೇಬಿಡ್ತು ಅನ್ನೋ ಹೊತ್ಗೆ ಮೇಷ್ಟ್ರನ್ನ ಬಿಟ್ಟು ಓಡಿಹೋದ್ರಲ್ಲ. ನಾಳಿದ್ದು ಲೈಸೆನ್ಸ್ ಟೆಸ್ಟು.” ಅಕ್ಕನ ಕಡೆ ತಿರುಗಿದರು. “ಅಮ್ಮಾ, ನಿಮ್ಮೆಜಮಾನ್ರು ನಮ್ಮನೆ ಮುಂದಿನ ರೋಡಲ್ಲಿ ಎರಡು ಸಲ ಬಿದ್ರು. ಒಂದ್ಸಲ ಹಸು ಮೇಲೆ. ಹಸು ಪರ್ವಾಗಿಲ್ಲ.”

ಹಾಗೆ ಹೊರಬಿತ್ತು ವಿಷಯ. ಅಕ್ಕನಿಗೆ ಮಂಡಿ ನೋವು. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಎರಡು ವರ್ಷದಿಂದ ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಹೋಗಿರಲಿಲ್ಲ. ಅಲ್ಲಿ ಅವಳ ಶಾಲೆಯ ಗೆಳತಿಯೊಬ್ಬಳಿದ್ದಾಳೆ. ಅಕ್ಕನನ್ನು ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೋಗಬೇಕು ಅಂತ ಅರವತ್ತಮೂರನೇ ವಯಸ್ಸಿನಲ್ಲಿ ಭಾವ ಈ ಸ್ಕೂಟರು ಕೊಂಡು, ಕುಮಾರ ಪಾರ್ಕಿನಲ್ಲೇ ಇಟ್ಟು ಕಲಿಯುತ್ತಿದ್ದರು. ಹೇಳಿದರೆ ಅಕ್ಕ ಬಿಡುತ್ತಿರಲಿಲ್ಲ. ಕಲಿಸುವ ಆ ಕಚೇರಿಯ ಗೆಳೆಯರಿಗೆ ಶನಿವಾರ ಮಧ್ಯಾಹ್ನವೇ ಬಿಡುವು. ಅವರ ಬೀದಿಗೆ ಹತ್ತಿರದ ಟವರಿನ ಹೆಸರು ರೇಸ್ ಕೋರ್ಸ್.

ಭಾವ ಹಾಡುತ್ತಾ ಹೋಗಿ ಟೆಸ್ಟ್ ಪಾಸು ಮಾಡಿಕೊಂಡು ಬಂದರು. ನಾನು ಅವರ ಗೇಟಿನಲ್ಲೇ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ಸ್ನಾನದ ಹೊತ್ತು, ಒಂಬತ್ತನ್ನು ಮೂರು ಸಲ ಒತ್ತಿದ್ದು, ಅಳಿಸಿದ್ದು, ಎಲ್ಲ.

“ನನ್ ಒಪ್ಪಿಗೆ ನೀನೇ ಕೊಟ್ಯಾ?” ಅಂದರು. “ನನ್ ಮದುವೇಲೂ ಹಿಂಗೇ ಆಗಿತ್ತು ಕಣಯ್ಯ. ನಮ್ಮಪ್ಪ ಹೂಂ ಅಂದ್ಬಂದಿದ್ರು. ಅದು ಚೆನ್ನಾಗೇ ಆಯ್ತು. ಹೋಗ್ಲಿ ಬಿಡು. ಗಾಡಿ ಹತ್ತು, ಒಂದ್ ರೌಂಡ್ ಹೋಗ್ಬರೋಣ.”

ಹತ್ತಿದೆ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಇಬ್ಬರು ಮುದುಕರು, ಹಿಂದಿನಿಂದ ಬಸ್ಸಿನ ಹಾರ್ನು, ಭಾವನ ಅಂಗಿ ಪಟಪಟ ಬಡಿಯುತ್ತಿತ್ತು. ನಾನು ಕಣ್ಣೀರು ಬರುವಷ್ಟು ನಕ್ಕೆ. ಜೇಬಿನಲ್ಲಿದ್ದ ಫೋನು ಏನು ಹೆಸರು ತೋರಿಸುತ್ತಿದೆ ಅಂತ ನೋಡಲಿಲ್ಲ. ಮನೆಗೆ ಬಂದವನೇ ಆ ಸೇವೆಯಿಂದ ಭಾವನ ನಂಬರು ತೆಗೆಸಿದೆ.

ಆದರೆ ಯಾರಿಗಾಗಿ ಆ ಗಾಡಿ ಬಂತೋ ಅವಳು ಒಂದು ದಿನವೂ ಹತ್ತಲಿಲ್ಲ. ಮಂಡಿ ಮಡಿಸಲಾಗಲ್ಲ ಅಂದಳು, ಭಯ ಅಂದಳು, ಸೀರೆ ಸಿಕ್ಕಿಕೊಳ್ಳುತ್ತೆ ಅಂದಳು. ಒಂದು ಸಲ ನನ್ನ ಹೆಂಡತಿಯ ಹತ್ತಿರ ಮಾತ್ರ ಅಂದಳಂತೆ: “ಕರ್ಪೂರ ಹಚ್ಚಿ ಮುಂದೆ ಹಿಡ್ದೋಳು ನಾನು. ಈಗ ಯಾವ ಮುಖ ಇಟ್ಕೊಂಡು ಅವರ ಗಾಡೀಲಿ ಕೂರ್ಲಿ?” ಎಂಟನೇ ಕ್ರಾಸಿನ ಗೆಳತಿಯನ್ನು ಅವಳು ಇವತ್ತಿಗೂ ನೋಡಿಲ್ಲ. ಭಾವ ಹಿಂದಿನ ಸೀಟಿಗೆ ತರಕಾರಿ ಚೀಲ ಕಟ್ಟಿಕೊಂಡು ಗಾಂಧಿ ಬಜಾರಿಗೆ ಹೋಗಿ ಬರುತ್ತಾರೆ.

ನಾನು ವಾರಕ್ಕೆರಡು ದಿನ ಆ ಮನೆಯಲ್ಲಿ ಕಾಫಿ ಕುಡಿಯುತ್ತೇನೆ. ಅಕ್ಕ ಲೋಟ ಕೈಗೆ ಕೊಡುವಾಗ ಪ್ರತಿ ಸಲ ಬಾಯಿ ತೆರೆಯುತ್ತೇನೆ. “ಏನೋ?” ಅನ್ನುತ್ತಾಳೆ. “ಏನಿಲ್ಲ, ಸ್ವಲ್ಪ ಸಕ್ಕರೆ ಹಾಕು,” ಅನ್ನುತ್ತೇನೆ. ನನಗೆ ಸಕ್ಕರೆ ಕಾಯಿಲೆ ಅಂತ ಅವಳಿಗೂ ಗೊತ್ತು. ಭಾವನ ಹತ್ತಿರ ಕ್ಷಮೆ ಕೇಳಿದ್ದೇನೆ. ಕುಮಾರ ಪಾರ್ಕಿನವರ ಹತ್ತಿರವೂ ಕೇಳಿದ್ದೇನೆ. ಬೇಡ ಬಿಟ್ಟುಬಿಡು ಅಂದಮೇಲೂ ಯಾರ ಮುಂದೆ ಕೂತು ಓದಿ ಹೇಳಿದೆನೋ ಅವಳೊಬ್ಬಳ ಹತ್ತಿರ ಕೇಳಲಿಲ್ಲ. ನನ್ನ ಅಕ್ಕನ ಹತ್ತಿರ.